ಹಳೇ ದೀಪ ಸಿಕ್ಕಿದರೆ, ಕಡ್ಡಿ ಗೀರೋ ಮುಂಚೆ

ಹಳೇ ದೀಪ ಸಿಕ್ಕವರು ಮೊದಲು ಕೇಳುವುದು, ಇದು ಎಷ್ಟು ವರ್ಷದ್ದು ಅಂತ. ಆಮೇಲೆ, ಮಾರಿದರೆ ಎಷ್ಟು ಬರುತ್ತೆ ಅಂತ. ಕೇಳಲಿ, ತಪ್ಪೇನಿಲ್ಲ. ಆದರೆ ನಾನು ದೀಪ ಕೈಗೆ ತಗೊಂಡ ಕೂಡಲೇ ನೋಡುವುದು ಬೇರೆ. ಇದು ಯಾವ ಎಣ್ಣೆ ಕುಡಿಯುತ್ತಿತ್ತು? ಇದೊಂದು ಗೊತ್ತಾದರೆ ವಯಸ್ಸು ಅರ್ಧ ಗೊತ್ತಾದ ಹಾಗೇ. ಏನು ಮುಟ್ಟಬಾರದು, ಯಾವುದನ್ನು ಹೊತ್ತಿಸಲೇಬಾರದು ಅನ್ನುವುದೂ ಅದರಿಂದಲೇ ತಿಳಿಯುತ್ತದೆ.

ಹಳೇ ದೀಪ ಅಂದರೆ ಸೀಮೆಎಣ್ಣೆ ದೀಪ ಅಂತ ನಾವು ಸುಮ್ನೆ ಅಂದುಕೊಂಡುಬಿಡುತ್ತೇವೆ. ಸೀಮೆಎಣ್ಣೆ ಬಂದದ್ದು ತೀರಾ ಈಚೆಗೆ. ಕೆನಡಾದ ಅಬ್ರಹಾಂ ಗೆಸ್ನರ್ 1846ರಲ್ಲಿ ಅದನ್ನು ಜನರೆದುರು ಉರಿಸಿ ತೋರಿಸಿದ. 1853ರಲ್ಲಿ ಈಗ ಉಕ್ರೇನಿನಲ್ಲಿರುವ ಲ್ವಿವ್ ನಗರದ ಆಸ್ಪತ್ರೆಯೊಂದರಲ್ಲಿ ಇಗ್ನಾಸಿ ವುಕಾಸೇವಿಚ್ ಮಾಡಿದ ದೀಪದ ಬೆಳಕಲ್ಲಿ ರಾತ್ರಿ ಹೊತ್ತು ಆಪರೇಷನ್ ನಡೆಯಿತು. ಅದಕ್ಕೂ ಮುಂಚೆ ಉರಿಯುತ್ತಿದ್ದದ್ದು ತಿಮಿಂಗಿಲದ ಎಣ್ಣೆ, ಹಂದಿ ಕೊಬ್ಬಿನ ಎಣ್ಣೆ, ಸಾಸಿವೆಯ ಜಾತಿಗೇ ಸೇರಿದ ಕೋಲ್ಜಾ ಬೀಜದ ಎಣ್ಣೆ, ಟರ್ಪೆಂಟೈನ್, ಟರ್ಪೆಂಟೈನಿಗೆ ಆಲ್ಕೋಹಾಲ್ ಬೆರೆಸಿದ ದ್ರವ. ಒಂದೊಂದು ಎಣ್ಣೆಗೂ ಒಂದೊಂದು ಥರದ ಬರ್ನರ್, ಅಂದರೆ ಬತ್ತಿ ಹಿಡಿದು ಉರಿಸುವ ಮೇಲಿನ ಭಾಗ, ಬೇಕಿತ್ತು. ಹಾಗಾಗಿ ದೀಪದ ಹೊಟ್ಟೆಗಿಂತ, ಕಾಲಿಗಿಂತ, ಮೇಲಿನ ಚಿತ್ತಾರಕ್ಕಿಂತ ಮೊದಲು ಬರ್ನರ್ ನೋಡಬೇಕು.

ಬತ್ತಿ ಹಾಕುವ ಕೊಳವೆಗಳು ಗಿಡ್ಡಗೆ, ನೆಟ್ಟಗೆ ಇವೆಯೇ? ಬರ್ನರ್ ಬಿಚ್ಚಿ ತಲೆಕೆಳಗೆ ಮಾಡಿದರೆ ಅವೇ ಕೊಳವೆಗಳು ಕೆಳಗೂ ಇಳಿದಿವೆಯೇ? ಹಾಗಿದ್ದರೆ ಅದು ತಿಮಿಂಗಿಲದ ಎಣ್ಣೆಯದೋ ಅಂಥದ್ದೇ ಗಟ್ಟಿ ಎಣ್ಣೆಯದೋ ದೀಪ. ಗಟ್ಟಿ ಎಣ್ಣೆ ತಣ್ಣಗಿದ್ದರೆ ಬತ್ತಿ ಹತ್ತುವುದಿಲ್ಲ. ಜ್ವಾಲೆಯ ಬಿಸಿ ಲೋಹದ ಕೊಳವೆಯಲ್ಲಿ ಇಳಿದು ಎಣ್ಣೆಯನ್ನು ತೆಳ್ಳಗೆ ಮಾಡಲಿ ಅಂತಲೇ ಆ ಏರ್ಪಾಡು. ಇದಕ್ಕೆ ಪೂರಾ ಉಲ್ಟಾ ಇನ್ನೊಂದು ಜಾತಿ ಇದೆ. ಕೊಳವೆಗಳು ಉದ್ದಕ್ಕೆ, ಸಣ್ಣಗೆ, ಎರಡಿದ್ದರೆ ಒಂದು ಆ ಕಡೆ ಒಂದು ಈ ಕಡೆ ವಾಲಿಕೊಂಡು, ಕೆಳಗಡೆ ಮಾತ್ರ ಏನೂ ಇಲ್ಲದೆ ಮೊಟಕಾಗಿರುತ್ತವೆ. ಪ್ರತಿ ಕೊಳವೆಗೂ ಸರಪಳಿಯಲ್ಲಿ ನೇತಾಡುವ ಪುಟ್ಟ ಟೋಪಿ ಇರುತ್ತದೆ. ಇದು ಟರ್ಪೆಂಟೈನು-ಆಲ್ಕೋಹಾಲ್ ದೀಪ. ಆ ದ್ರವ ಸುಮ್ಮನಿದ್ದರೂ ಆವಿಯಾಗುತ್ತದೆ, ಆವಿಗೆ ಕಿಡಿ ತಾಗಿದರೆ ಭಗ್ ಅನ್ನುತ್ತದೆ. ಅದಕ್ಕೇ ಜ್ವಾಲೆಯನ್ನು ಎಣ್ಣೆಯಿಂದ ಆದಷ್ಟು ದೂರ ಇಟ್ಟಿದ್ದಾರೆ. ಆ ಟೋಪಿ ದೀಪ ಆರಿಸುವುದಕ್ಕೂ ಹೌದು, ಆವಿ ತಡೆಯುವುದಕ್ಕೂ ಹೌದು.

ಈ ಎರಡನೆಯ ಜಾತಿಯ ದೀಪ ಸಿಕ್ಕರೆ ತೊಳೆಯಿರಿ, ಒರೆಸಿ, ಕಪಾಟಿನಲ್ಲಿಡಿ. ಹೊತ್ತಿಸಬೇಡಿ. ಹಳೇ ದ್ರವವನ್ನು ಮನೆಯಲ್ಲಿ ಬೆರೆಸಿ ನೋಡೋಣ ಅನ್ನುವ ಆಸೆ ಬರುತ್ತದೆ, ಬರುತ್ತಲೇ ಇರುತ್ತದೆ. ಅದೇ ದ್ರವ 19ನೇ ಶತಮಾನದಲ್ಲಿ ಎಷ್ಟೋ ಜನರನ್ನು ಸುಟ್ಟಿದೆ.

ಕೋಲ್ಜಾ ಎಣ್ಣೆಯ ದೀಪಗಳು ನೋಡೋಕೆ ಬಲು ಚೆಂದ, ಒಳಗೆ ಮಾತ್ರ ಒಂದು ಸಣ್ಣ ಕಾರ್ಖಾನೆ. ಐಮೆ ಅರ್ಗಾಂಡ್ 1780ರ ದಶಕದಲ್ಲಿ ಟೊಳ್ಳು ಬತ್ತಿಯ ಬರ್ನರ್ ಮಾಡಿದ. ಬತ್ತಿ ಕೊಳವೆಯ ಆಕಾರದಲ್ಲಿರುತ್ತದೆ, ಗಾಳಿ ಒಳಗಿನಿಂದಲೂ ಹೊರಗಿನಿಂದಲೂ ಬರುತ್ತದೆ. ಬೆಳಕೇನೋ ಜಾಸ್ತಿಯಾಯಿತು, ಆದರೆ ಆ ಮಂದ ಎಣ್ಣೆ ಅಷ್ಟು ಮೇಲಕ್ಕೆ ಹತ್ತಬೇಕಲ್ಲ. ಒಂದೋ ಎಣ್ಣೆ ಬುಡ್ಡಿಯನ್ನು ಬರ್ನರಿನ ಪಕ್ಕದಲ್ಲಿ, ಮೇಲಕ್ಕೆ ಇಡಬೇಕು. ಇಲ್ಲಾ ಪಂಪು ಮಾಡಬೇಕು. 1800ರಲ್ಲಿ ಕಾರ್ಸೆಲ್ ಅನ್ನುವವನು ಗಡಿಯಾರದ ಯಂತ್ರ ಇಟ್ಟು ಪಂಪು ಮಾಡಿಸಿದ. 1837ರಲ್ಲಿ ಫ್ರಾಂಶೋ ಸ್ಪ್ರಿಂಗು ಮತ್ತು ಪಿಸ್ಟನ್ ಇಟ್ಟು ಅದನ್ನೇ ಅಗ್ಗಕ್ಕೆ ಮಾಡಿದ. ಹಾಗಾಗಿ ದೀಪದ ಮೈಮೇಲೆ ಕೀಲಿ ಕೊಡುವ ತೂತು ಅಥವಾ ಹಲ್ಲಿನ ಪಟ್ಟಿ ಕಂಡರೆ ಇವರಿಬ್ಬರ ವಂಶದ್ದಿರಬಹುದು ಅಂತ ಅನುಮಾನಿಸಿ. ಇಂಥ ಎಷ್ಟೋ ದೀಪಗಳ ಒಳಗನ್ನು ಆಮೇಲೆ ತೆಗೆದುಹಾಕಿ ಸೀಮೆಎಣ್ಣೆ ಬರ್ನರ್ ಕೂರಿಸಿದ್ದಾರೆ. ಮೈ ಒಂದು ಕಾಲದ್ದು, ತಲೆ ಇನ್ನೊಂದು ಕಾಲದ್ದು. ಅದನ್ನು ನಾನು ಮೋಸ ಅನ್ನುವುದಿಲ್ಲ. ಅದೂ ಆ ದೀಪದ ಕಥೆಯೇ.

ಇನ್ನು ಸೀಮೆಎಣ್ಣೆ. ಚಪ್ಪಟೆ ಬತ್ತಿ, ಅದನ್ನು ಏರಿಸಿ ಇಳಿಸುವ ತಿರುಪು, ಮೇಲೊಂದು ಗಾಜಿನ ಚಿಮಣಿ. ಇದನ್ನು ಗುರುತಿಸುವುದು ಕಷ್ಟವಲ್ಲ. ತಿರುಪಿನ ಚಪ್ಪಟೆ ಮುಖವನ್ನು ಮಾತ್ರ ಸರಿಯಾಗಿ ನೋಡಬೇಕು. ಅಲ್ಲಿ ಅಚ್ಚೊತ್ತಿದ ಅಕ್ಷರ ಇರುತ್ತದೆ, ಎಷ್ಟೋ ವರ್ಷದ ಬೆರಳು ತಿರುಗಿಸಿ ತಿರುಗಿಸಿ ಸವೆದಿರುತ್ತದೆ. ಟಾರ್ಚನ್ನು ನೇರ ಬಿಟ್ಟರೆ ಏನೂ ಕಾಣುವುದಿಲ್ಲ. ಟಾರ್ಚು ಮೇಜಿಗೆ ತಾಗುವಷ್ಟು ಕೆಳಗೆ ಹಿಡಿದು ಪಕ್ಕದಿಂದ ಬೆಳಕು ಹಾಯಿಸಿ, ತಿರುಪನ್ನು ನಿಧಾನಕ್ಕೆ ತಿರುಗಿಸಿ. ಒಂದು ಕೋನದಲ್ಲಿ ಅಕ್ಷರದ ಅಂಚು ತಟ್ಟನೆ ಎದ್ದು ಕಾಣುತ್ತದೆ, ಇನ್ನೊಂದಿಷ್ಟು ತಿರುಗಿಸಿದರೆ ಮತ್ತೆ ಮಾಯ. ಸ್ವಲ್ಪ ಸೀಮೆಸುಣ್ಣದ ಪುಡಿ ಉಜ್ಜಿ ಒರೆಸಿದರೆ ಇನ್ನೂ ಸಲೀಸು. ಕೆಲವೊಮ್ಮೆ ಕಂಪನಿಯ ಹೆಸರು ಸಿಗುತ್ತದೆ, ಕೆಲವೊಮ್ಮೆ ಪೇಟೆಂಟ್ ಇಸವಿ. ಇಸವಿ ಸಿಕ್ಕಿದರೆ ಕುಣಿಯಬೇಡಿ. ಪೇಟೆಂಟ್ ಆದಮೇಲೆ ಅದೇ ಅಚ್ಚಿನಲ್ಲಿ ಹತ್ತಾರು ವರ್ಷ ಮಾಡಿರುತ್ತಾರೆ. ಆ ಇಸವಿ ಹೇಳುವುದು ಇಷ್ಟೇ, ಇದಕ್ಕಿಂತ ಹಳೆಯದಂತೂ ಅಲ್ಲ.

ಗಾಜಿನ ಚಿಮಣಿ, ಬತ್ತಿ ಕೊಳ್ಳುವಾಗ ಅಳತೆ ಮುಖ್ಯ. ಅಮೆರಿಕದ ಮೇಜುದೀಪಗಳಲ್ಲಿ 1ನೇ ನಂಬರ್ ಬರ್ನರಿಗೆ 5/8 ಇಂಚು ಬತ್ತಿ, 2½ ಇಂಚು ಬುಡದ ಚಿಮಣಿ. 2ನೇ ನಂಬರಿಗೆ 1 ಇಂಚು ಬತ್ತಿ, 3 ಇಂಚು ಬುಡದ ಚಿಮಣಿ. ಯುರೋಪಿನವು ಲೀನ್ ಅನ್ನುವ ಹಳೇ ಅಳತೆಯಲ್ಲಿ ಇರುತ್ತವೆ. ತಿರುಪಿನ ಮೇಲೆ 10, 14 ಅಂತ ಅಂಕಿ ಇದ್ದು ಪಕ್ಕದಲ್ಲಿ ಮೂರು ಗೀಟು ಇದ್ದರೆ ಅದೇ. ಕಾಸ್ಮೋಸ್ ಅನ್ನುವ ಜಾತಿಯ ಬರ್ನರಿಗೆ ನಡು ಕಿರಿದಾದ ಚಿಮಣಿಯೇ ಬೇಕು. ಜ್ವಾಲೆಯ ಪಕ್ಕಕ್ಕೆ ಗಾಳಿ ತಳ್ಳುವುದು ಆ ನಡುವೇ. ನೇರ ಚಿಮಣಿ ಇಟ್ಟರೆ ಬರೀ ಮಸಿ.

ಲಾಟೀನುಗಳಲ್ಲಿ ಎರಡೂ ಪಕ್ಕದ ಕೊಳವೆ ಇವೆಯಲ್ಲ, ಅವು ಬರೀ ಚೌಕಟ್ಟಲ್ಲ, ಬರ್ನರಿಗೆ ಗಾಳಿ ತರುವ ದಾರಿ. 1860-70ರ ದಶಕದಲ್ಲಿ ಜಾನ್ ಇರ್ವಿನ್ ಈ ಥರದ ಲಾಟೀನುಗಳಿಗೆ ಪೇಟೆಂಟ್ ಮಾಡಿಸಿದ, ಡೀಟ್ಜ್ ಕಂಪನಿ ಅವನ್ನು ಲೋಕಕ್ಕೆಲ್ಲ ಮಾರಿತು. ಕೊಳವೆಗಳು ಗಾಜಿನ ನೆತ್ತಿಯ ಮೇಲಿನ ಗಂಟೆಯಂಥ ಮುಚ್ಚಳಕ್ಕೇ ಸೇರಿದ್ದರೆ ಹಾಟ್ ಬ್ಲಾಸ್ಟ್. ಅಂದರೆ ಬಿಸಿಯಾದ, ಅರ್ಧ ಸುಟ್ಟ ಗಾಳಿಯೂ ಸುತ್ತಿ ಮತ್ತೆ ಜ್ವಾಲೆಗೆ ಹೋಗುತ್ತದೆ. ಕೊಳವೆಗಳು ಮೇಲೆ ಒಂದು ಅಗಲವಾದ ತಗಡಿನ ಡಬ್ಬಿಗೆ ಸೇರಿ, ಹೊಗೆ ಹೋಗುವ ದಾರಿ ಬೇರೆಯಿದ್ದರೆ ಕೋಲ್ಡ್ ಬ್ಲಾಸ್ಟ್. ಹೊಸ ಗಾಳಿ ಸಿಗುವುದರಿಂದ ಇದರ ಬೆಳಕು ಜಾಸ್ತಿ. ಎರಡಕ್ಕೂ ಸೀಮೆಎಣ್ಣೆಯೇ. ಕೊಳವೆಯೂ ಇಲ್ಲ, ಬರೀ ತಂತಿಯ ಪಂಜರ ಅಂದರೆ ಡೆಡ್ ಫ್ಲೇಮ್, ರೈಲ್ವೆಯವರ ಲಾಟೀನುಗಳಲ್ಲಿ ಇವು ಬಹಳ.

ನಿಜವಾದ ಎಚ್ಚರ ಬೇಕಿರುವುದು ಮ್ಯಾಂಟಲ್ (ಬೆಂಕಿಯಲ್ಲಿ ಬೆಳ್ಳಗೆ ಬೆಳಗುವ ಬಲೆಯಂಥ ಪುಟ್ಟ ಚೀಲ) ಇರುವ, ಪಂಪು ಹೊಡೆಯುವ ದೀಪಗಳಲ್ಲಿ. ಪೆಟ್ರೋಮ್ಯಾಕ್ಸ್, ಟಿಲ್ಲಿ, ಕೋಲ್‌ಮನ್, ಆಪ್ಟಿಮಸ್ ಇವೆಲ್ಲ ದೂರದಿಂದ ನೋಡಿದರೆ ಅಣ್ಣತಮ್ಮಂದಿರೇ. ಆದರೆ ಒಂದು ಸೀಮೆಎಣ್ಣೆಯದು, ಇನ್ನೊಂದು ಪೆಟ್ರೋಲಿನ ಜಾತಿಯ ಬಿಳಿ ಗ್ಯಾಸೊಲೀನಿನದು. ಹೇಗೆ ಹೇಳುವುದು? ಸೀಮೆಎಣ್ಣೆ ಆವಿಯಾಗಬೇಕಾದರೆ ಮೊದಲು ಕೊಳವೆ ಕಾಯಬೇಕು. ಹಾಗಾಗಿ ಸ್ಪಿರಿಟ್ ಹಾಕಿ ಹೊತ್ತಿಸುವ ಪುಟ್ಟ ಬಟ್ಟಲು ಇರುತ್ತದೆ, ಇಲ್ಲಾ ಟಿಲ್ಲಿಯಲ್ಲಿರುವಂತೆ ಸ್ಪಿರಿಟಿನಲ್ಲಿ ನೆನೆಸಿ ಕಚ್ಚಿಸುವ ಕ್ಲಿಪ್ಪು, ಇಲ್ಲಾ ಪೆಟ್ರೋಮ್ಯಾಕ್ಸಿನ ಥರ ಬುಸ್ ಅನ್ನುವ ಪಕ್ಕದ ಬೆಂಕಿ. ಇದ್ಯಾವುದೂ ಇಲ್ಲದೆ ನೇರ ಮ್ಯಾಂಟಲ್ಲಿಗೇ ಕಡ್ಡಿ ಹಿಡಿಯುವಂತಿದ್ದರೆ ಅದು ಬಹುಪಾಲು ಗ್ಯಾಸೊಲೀನಿನದು. ಕಂಪನಿ ಹೆಸರು ನೋಡಿ ಮಾತ್ರ ತೀರ್ಮಾನ ಮಾಡಬೇಡಿ, ಕೋಲ್‌ಮನ್ ಎರಡೂ ಥರ ಮಾಡಿದೆ. ಅದರ ಎಷ್ಟೋ ಲ್ಯಾಂಟರ್ನ್‌ಗಳ ತಳದಲ್ಲಿ ತಯಾರಾದ ತಿಂಗಳು, ವರ್ಷದ ಅಚ್ಚು ಇರುತ್ತದೆ, ಅಷ್ಟು ಪುಣ್ಯ. ಇನ್ನೊಂದು ಸಣ್ಣ ಗುರುತು. ಬುಡ್ಡಿಯೊಳಗೆ ಹತ್ತಿ ತುರುಕಿದ್ದರೆ ಅದು ಪೆಟ್ರೋಲಿನ ಜಾತಿಯ ಹಗುರ ಎಣ್ಣೆಯ ದೀಪ. ದ್ರವ ತುಳುಕದಿರಲಿ ಅಂತ ಹತ್ತಿ. 1880ರ ದಶಕದ ವುಲ್ಫ್ ಗಣಿದೀಪ ಹೀಗೇ ಇತ್ತು.

ಎಣ್ಣೆ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಎರಡು ಅಂಕಿ ಸಾಕು. ಸೀಮೆಎಣ್ಣೆಯ ಫ್ಲ್ಯಾಶ್ ಪಾಯಿಂಟ್, ಅಂದರೆ ಅದರ ಆವಿಗೆ ಕಿಡಿ ತಾಗಿದರೆ ಹೊತ್ತುವ ಕನಿಷ್ಠ ಶಾಖ, 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಮೇಲೆ. ಪೆಟ್ರೋಲಿನದು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ. ಬತ್ತಿ ದೀಪದ ಬುಡ್ಡಿ ಉರಿಯುತ್ತಾ ಉರಿಯುತ್ತಾ ಬೆಚ್ಚಗಾಗುತ್ತದೆ. ಒಳಗೆ ಪೆಟ್ರೋಲಿದ್ದರೆ ಆವಿ ಬರ್ನರಿನ ಸಂದಿಯಲ್ಲೆಲ್ಲ ಹೊರಬರುತ್ತದೆ, ಬೆಂಕಿ ಪಕ್ಕದಲ್ಲೇ ಇದೆ. ಮುಂದಿನದು ಹೇಳಬೇಕಾಗಿಲ್ಲ. 19ನೇ ಶತಮಾನದಲ್ಲಿ ವ್ಯಾಪಾರಿಗಳು ಸೀಮೆಎಣ್ಣೆಗೆ ಪೆಟ್ರೋಲಿನಂಥ ಅಗ್ಗದ ನ್ಯಾಫ್ತಾ ಬೆರೆಸಿ ಮಾರುತ್ತಿದ್ದರು, ಮನೆಗಳು ಸುಡುತ್ತಿದ್ದವು. ಬ್ರಿಟನ್ನು 1862ರ ಪೆಟ್ರೋಲಿಯಂ ಕಾಯ್ದೆಯಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ಅಂತ ಗೆರೆ ಎಳೆಯಿತು. ಅದಕ್ಕಿಂತ ಕೆಳಗೇ ಹೊತ್ತುವ ಆವಿ ಬಿಡುವ ಎಣ್ಣೆಯನ್ನು ಇಡುವುದಕ್ಕೆ ಕಟ್ಟುಪಾಡು ಬಂತು. ಮೇಲೆ ಹೇಳಿದ 38 ಡಿಗ್ರಿ ಸೆಲ್ಸಿಯಸ್ಸೂ ಅದೇ ಗೆರೆ.

ಸರಿ, ಯಾವ ದೀಪ ಅಂತ ಗೊತ್ತಾಯಿತು. ಈಗ ಕೆಲಸ.

ಮೊದಲು ಬುಡ್ಡಿ ಖಾಲಿ ಮಾಡಿ, ಹೊರಗಡೆ, ಗಾಳಿಯಲ್ಲಿ. ಒಳಗೆ ಏನು ಉಳಿದಿದೆಯೋ ಗೊತ್ತಿರುವುದಿಲ್ಲ. ಪೆಟ್ರೋಲ್ ದೀಪವಾದರೆ ಸೀಸ ಬೆರೆತ ಹಳೇ ಪೆಟ್ರೋಲೂ ಇರಬಹುದು, ಕೈಗವಸು ಹಾಕಿ. ಖಾಲಿ ಆಯಿತಲ್ಲ ಅಂತ ಬೆಸುಗೆ ಕಡ್ಡಿ ಹಿಡಿಯಬೇಡಿ. ತುಂಬಿದ ಬುಡ್ಡಿಗಿಂತ ಖಾಲಿ ಬುಡ್ಡಿ ಅಪಾಯ, ಏಕೆಂದರೆ ಒಳಗಿರುವುದು ಪೂರ್ತಿ ಆವಿ ಮತ್ತು ಗಾಳಿ.

ಕೆರೆದು ತೆಗೆಯುವ ಮುಂಚೆ ಇನ್ನೂ ಮೂರು ನೋಡಿಕೊಳ್ಳಿ. ಹಳೇ ಸ್ಪಿರಿಟ್ ಕ್ಲಿಪ್ಪಿನ ಬೂದು ಬಣ್ಣದ ನಾರು, ಕೆಲವು ವಾಷರ್, ಕೆಲವು ಬತ್ತಿ, ಇವು ಆಸ್ಬೆಸ್ಟಾಸ್ ಇರಬಹುದು. ಒಣಗಿದ್ದಾಗ ಉಜ್ಜಬೇಡಿ, ಊದಬೇಡಿ. ನೀರು ಚಿಮುಕಿಸಿ ನೆನೆಸಿ, ಎತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಬಿಡಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒಣ ಸ್ಯಾಂಡ್‌ಪೇಪರ್ ಬೇಡ. ಮೂರನೆಯದು ಮ್ಯಾಂಟಲ್. ಔವರ್ ಫಾನ್ ವೆಲ್ಸ್‌ಬಾಖ್ 1891ರಲ್ಲಿ ಗೆಲ್ಲಿಸಿದ ಮ್ಯಾಂಟಲ್ಲಿನಲ್ಲಿ 99 ಭಾಗ ಥೋರಿಯಂ ಆಕ್ಸೈಡ್, 1 ಭಾಗ ಸೀರಿಯಂ ಆಕ್ಸೈಡ್. ಥೋರಿಯಂ ವಿಕಿರಣ ಸೂಸುವ ವಸ್ತು. ಪಕ್ಕದಲ್ಲಿ ಕೂತರೆ ಭಯ ಬೀಳುವಂಥದ್ದೇನಲ್ಲ, ಆದರೆ ಪುಡಿಯಾದ ಮ್ಯಾಂಟಲ್ಲಿನ ಬಿಳೀ ಧೂಳು ಮೂಗಿಗೆ ಹೋಗಬಾರದು. ಈಗಿನ ಎಷ್ಟೋ ಮ್ಯಾಂಟಲ್‌ಗಳಲ್ಲಿ ವಿಕಿರಣ ಸೂಸದ ಇಟ್ರಿಯಂ ಇರುತ್ತದೆ, ಹಳೆಯದನ್ನು ಉರಿಸುವ ಹಟ ಬೇಡ.

ಬರ್ನರಿನ ಜಿಡ್ಡು ತೆಗೆಯೋಕೆ ನನಗೆ ಇಷ್ಟವಾದ ದಾರಿ ತೀರಾ ಸಾದಾ. ಹಿತ್ತಾಳೆ ಬರ್ನರನ್ನು ಹಳೇ ಪಾತ್ರೆಯಲ್ಲಿ ಹಾಕಿ, ನೀರಿಗೆ ಒಂದೆರಡು ಚಮಚ ವಾಷಿಂಗ್ ಸೋಡಾ ಸೇರಿಸಿ, ಸಣ್ಣ ಉರಿಯಲ್ಲಿ ಕುದಿಸಿ. ಆ ಪಾತ್ರೆ ಮತ್ತೆ ಅಡುಗೆಗೆ ಬೇಡ. ಹೊತ್ತು ಹೋದ ಹಾಗೆ ಕಂದು ಚರ್ಮದಂಥ ಪದರ ಎದ್ದು ತೇಲುತ್ತದೆ, ಬತ್ತಿ ಎತ್ತುವ ಪುಟ್ಟ ಹಲ್ಲಿನ ಚಕ್ರ ಕೊನೆಗೊಮ್ಮೆ ಬಿಡುತ್ತದೆ. ಕಿವಿಯ ಹತ್ತಿರ ಹಿಡಿದು ತಿರುಪು ತಿರುಗಿಸಿದರೆ ಚಕ್ರ ಜಾರುತ್ತಿದೆಯೋ ಕಚ್ಚುತ್ತಿದೆಯೋ ಸದ್ದಿನಲ್ಲೇ ಗೊತ್ತಾಗುತ್ತದೆ. ಬತ್ತಿ ಕೊಳವೆಯ ಪಕ್ಕ ಒಂದು ಸಣ್ಣ ತೂತೋ ಕಿರುಕೊಳವೆಯೋ ಇರುತ್ತದೆ. ಅದು ಬುಡ್ಡಿಯೊಳಗಿನ ಒತ್ತಡ ಹೊರಹೋಗುವ ದಾರಿ. ತಂತಿ ಹಾಕಿ ಬಿಡಿಸಿ, ಮರೆಯಬೇಡಿ. ಅಲ್ಯೂಮಿನಿಯಂ ಭಾಗವನ್ನಂತೂ ಸೋಡಾದಲ್ಲಿ ಹಾಕಬೇಡಿ, ತಿಂದುಹಾಕುತ್ತದೆ.

ಹಿತ್ತಾಳೆಗೆ ಅಮೋನಿಯಾ ಇರುವ ಕ್ಲೀನರ್ ಬೇಡ. ಹೊಳಪು ಬೇಗ ಬರುತ್ತದೆ, ನಿಜ. ಆದರೆ ತಗಡನ್ನು ಒತ್ತಿ ಎಳೆದು ಮಾಡಿದ ಹಿತ್ತಾಳೆಯೊಳಗೆ ಬಿಗಿತ ಉಳಿದಿರುತ್ತದೆ, ಅಮೋನಿಯಾ ತಾಗಿದರೆ ಅದು ಸೀಳುತ್ತದೆ. ಇದು ಗೊತ್ತಾದದ್ದು ಗುಂಡಿನ ಕಾಟ್ರಿಜ್‌ಗಳಿಂದ. ಬ್ರಿಟಿಷ್ ಸೈನ್ಯದವರು ಭಾರತದಲ್ಲಿ ಮಳೆಗಾಲದ ಹೊತ್ತಿಗೆ ಹಿತ್ತಾಳೆ ಕಾಟ್ರಿಜ್‌ಗಳನ್ನು ಕುದುರೆ ಲಾಯದಲ್ಲಿ ಇಟ್ಟಿದ್ದರು, ಅವು ತಾವಾಗಿಯೇ ಬಿರುಕು ಬಿಟ್ಟವು. ಕಾರಣ ಕುದುರೆ ಗಂಜಲದ ಅಮೋನಿಯಾ. 1921ರಲ್ಲಿ ಅದರ ವಿವರಣೆ ಬಂತು. ಪಂಪು ಹೊಡೆಯುವ ದೀಪದ ಹಿತ್ತಾಳೆ ಟ್ಯಾಂಕಿನಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಅದೇ ಕಾಯಿಲೆ. ಅಂಥ ಟ್ಯಾಂಕಿಗೆ ಬೆಸುಗೆಯೂ ಇಲ್ಲ, ಅಂಟೂ ಇಲ್ಲ. ಅದು ಇನ್ನು ನೋಡೋಕೆ ಮಾತ್ರ.

ವಿನೆಗರು, ಸಿಟ್ರಿಕ್ ಆಮ್ಲದಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಮೇಲ್ಮೈಯ ಸತು ಹೋಗಿ ತಾಮ್ರ ಉಳಿದಂತೆ. ಮೆಷಿನ್ ಚಕ್ರಕ್ಕೆ ಕೊಟ್ಟು ಕನ್ನಡಿ ಮಾಡಿಸುವುದಂತೂ ನನಗೆ ಸರಿಬರುವುದಿಲ್ಲ. ಅಂಚು ದುಂಡಗಾಗುತ್ತದೆ, ಅಚ್ಚಿನ ಅಕ್ಷರ ಅಳಿಸಿಹೋಗುತ್ತದೆ, ಆಮೇಲೆ ಅದು ಹೊಸ ಶೋಕೇಸ್ ದೀಪದ ಥರ ಕಾಣುತ್ತದೆ. ಕಿಲುಬು ತೆಗೆಯಿರಿ, ಕಂದು ಬಣ್ಣ ಇರಲಿ ಬಿಡಿ.

ತುಕ್ಕು ಹಿಡಿದ ಕಬ್ಬಿಣದ ತಗಡಿಗೆ ವಿದ್ಯುತ್ತಿನ ಉಪಾಯ ಒಳ್ಳೆಯದು. ಪ್ಲಾಸ್ಟಿಕ್ ಬಕೆಟಿನಲ್ಲಿ ವಾಷಿಂಗ್ ಸೋಡಾ ನೀರು, 12 ವೋಲ್ಟಿನ ಚಾರ್ಜರ್, ಮೈನಸ್ ತಂತಿ ಲಾಟೀನಿಗೆ, ಪ್ಲಸ್ ತಂತಿ ಯಾವುದಾದರೂ ಕಬ್ಬಿಣದ ತುಂಡಿಗೆ. ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಕಟ್ಟಬೇಡಿ, ವಿಷದ ಕ್ರೋಮಿಯಂ ನೀರಿಗೆ ಬರುತ್ತದೆ. ಹೈಡ್ರೋಜನ್ ಗುಳ್ಳೆ ಏಳುತ್ತದೆ, ಆದ್ದರಿಂದ ಬಯಲಲ್ಲೇ ಮಾಡಿ. ಕರೆಂಟ್ ಆರಿಸಿದ ಮೇಲೇ ನೀರಿಗೆ ಕೈ ಹಾಕಿ. ತುಕ್ಕಿನ ಅಡಿ ತವರ, ಸತುವಿನ ಲೇಪ ಇನ್ನೂ ಚೆನ್ನಾಗಿದ್ದರೆ ಮಾತ್ರ ಇದು ಬೇಡ, ಆಮ್ಲವೂ ಬೇಡ, ಸಾಬೂನು ನೀರು ಸಾಕು.

ಗಾಜಿನ ಬುಡ್ಡಿಯಿದ್ದರೆ ಅದರ ಕೊರಳಿನ ಲೋಹದ ಬಳೆಯನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕಟಕಟ ಅಂದರೆ ಒಳಗಿನ ಪ್ಲಾಸ್ಟರ್ ಸತ್ತಿದೆ. ಎಣ್ಣೆ, ತೇವ ಎರಡೂ ಅದನ್ನು ಪುಡಿ ಮಾಡುತ್ತವೆ. ಉರಿಯುವ ದೀಪವನ್ನು ಕೊರಳು ಹಿಡಿದು ಎತ್ತಿದಾಗ ಬುಡ್ಡಿ ಕೆಳಗೆ ಬೀಳುವುದು ಹೀಗೆ. ಹಳೇ ಪ್ಲಾಸ್ಟರನ್ನು ಬೆಚ್ಚನೆ ನೀರಲ್ಲಿ ನೆನೆಸಿ, ಬಿಡಿಸಿ, ಹೊಸ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿ ಕೂರಿಸಿ, ಚೆನ್ನಾಗಿ ಒಣಗಲು ಬಿಡಿ. ತಣ್ಣನೆಯ ಗಾಜಿಗೆ ಕುದಿನೀರು ಹಾಕಬೇಡಿ. ಗಾಜಿನಲ್ಲೇ ಬಿರುಕಿದ್ದರೆ ಆ ದೀಪ ಕಪಾಟಿಗೆ.

ಸೋರಿಕೆ ನೋಡುವುದು ನೀರಲ್ಲಲ್ಲ, ಸೀಮೆಎಣ್ಣೆಯಲ್ಲೇ. ನೀರು ನಿಲ್ಲುವ ತೂತಿನಲ್ಲಿ ಸೀಮೆಎಣ್ಣೆ ನುಸುಳುತ್ತದೆ. ಬುಡ್ಡಿ ತುಂಬಿಸಿ, ಹಳೇ ಪೇಪರಿನ ಮೇಲೆ ಒಂದು ಇಡೀ ದಿನ ಬಿಡಿ. ಪೇಪರಿನ ಮೇಲೆ ಎಣ್ಣೆಯ ವರ್ತುಲ ಬಿದ್ದರೆ ಎಲ್ಲಿಂದ ಅಂತ ತಿಳಿಯುತ್ತದೆ. ಬತ್ತಿ ಲಾಟೀನಿನ ಸೂಜಿಮೊನೆಯಷ್ಟು ತೂತುಗಳಿಗೆ ಇಂಧನಕ್ಕೆ ಕರಗದ ಟ್ಯಾಂಕ್ ಸೀಲರ್ ಒಳಗಿಂದ ಬಳಿಯಬಹುದು. ಒತ್ತಡದ ದೀಪಕ್ಕೆ ಆ ರಿಯಾಯಿತಿ ಇಲ್ಲ. 500 ಕ್ಯಾಂಡಲ್ ಬೆಳಕಿನ ಪೆಟ್ರೋಮ್ಯಾಕ್ಸ್ ಕೆಲಸ ಮಾಡುವುದೇ ಸುಮಾರು 2 ಬಾರ್ ಒತ್ತಡದಲ್ಲಿ. ಅದರ ಪಂಪಿನ ತೊಗಲು ವಾಷರ್ ಒಣಗಿರುತ್ತದೆ, ಎಣ್ಣೆ ಹಾಕಿ ನಾದಿದರೆ ಎಷ್ಟೋ ಸಲ ಜೀವ ಬರುತ್ತದೆ. ತಳದ ವಾಲ್ವಿನ ರಬ್ಬರು ಬಿರುಸಾಗಿದ್ದರೆ ಬದಲಿಸಿ.

ಹೊಸ ಬತ್ತಿ ಹತ್ತಿಯದೇ ಇರಲಿ. ತುದಿಯನ್ನು ಚೂಪಾದ ಕತ್ತರಿಯಲ್ಲಿ ನೇರ ಕತ್ತರಿಸಿ, ಎರಡು ಮೂಲೆಯನ್ನು ಮಾತ್ರ ಚೂರು ತೆಗೆಯಿರಿ. ಬುಡ್ಡಿ ಮುಕ್ಕಾಲು ತುಂಬಿದರೆ ಸಾಕು, ಎಣ್ಣೆ ಬಿಸಿಗೆ ಹಿಗ್ಗುತ್ತದೆ. ಬತ್ತಿ ಅರ್ಧ ಗಂಟೆ ನೆನೆಯಲಿ, ಆಮೇಲೆ ಹೊತ್ತಿಸಿ, ಮೊದಲ ಕೆಲವು ನಿಮಿಷ ಸಣ್ಣಗೇ ಇಡಿ, ಗಾಜು ಕಾಯಲಿ. ಮೊದಲ ಸಲ ಬಯಲಲ್ಲಿ, ಮೇಲೇನೂ ನೇತಾಡದ ಜಾಗದಲ್ಲಿ, ಪಕ್ಕದಲ್ಲಿ ಒಂದು ಬಕೆಟ್ ಮರಳು. ಒಳಗೆ ಉರಿಸುವಾಗ ಕಿಟಕಿ ತೆಗೆದಿರಲಿ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇರುವುದಿಲ್ಲ. ಉರಿಯುತ್ತಿರುವಾಗ, ಬಿಸಿಯಿರುವಾಗ ಎಣ್ಣೆ ಸುರಿಯಬೇಡಿ.

ಇನ್ನು ಕರೆಂಟು ಬಲ್ಬ್ ಹಾಕಿಸಬಹುದಾ ಅಂತ ಕೇಳುವವರಿಗೆ. ಹಾಕಿಸಿ, ಹೊತ್ತಿಸಬಾರದ ದೀಪಕ್ಕೆ ಅದೇ ವಾಸಿ. ಬುಡ್ಡಿಗೆ ತೂತು ಕೊರೆಸಬೇಡಿ ಅಷ್ಟೇ. ಬರ್ನರ್ ಬಿಚ್ಚಿದ ಜಾಗಕ್ಕೇ ತಿರುಗಿಸಿ ಕೂರಿಸುವ ಅಡಾಪ್ಟರ್ ಸಿಗುತ್ತದೆ, ವೈರು ಪಕ್ಕದಿಂದಲೇ ಬರುತ್ತದೆ. ಬಿಚ್ಚಿದ ಹಳೇ ಬರ್ನರನ್ನು ಒರೆಸಿ ಕಾಗದದಲ್ಲಿ ಸುತ್ತಿ ಆ ದೀಪದ ಜೊತೆಗೇ ಇಡಿ.